ಶಾಲು ಹೊದ್ದ ಲೆಫ್ಟ್ ಬ್ಯಾಕ್

ನಮ್ಮ ಸಂಘದವರು ಯಾರನ್ನೂ ಹೊರಗೆ ಹಾಕುವುದಿಲ್ಲ. ಶಾಲು ಹೊದಿಸುತ್ತಾರೆ. ದೋಹಾದಲ್ಲಿ ಕನ್ನಡದವರ ಎಷ್ಟು ಸಮಾರಂಭ ನೋಡಿದ್ದೇನೋ ನನಗೇ ಗೊತ್ತಿಲ್ಲ. ಯಾವ ಖಜಾಂಚಿ ಜಾಸ್ತಿ ಪ್ರಶ್ನೆ ಕೇಳಿದ, ಯಾವ ಗಾಯಕನ ಗಂಟಲು ಕೆಟ್ಟಿತು, ಅವನಿಗೊಂದು ಶಾಲು, ಒಂದು ಹಣ್ಣಿನ ಬುಟ್ಟಿ, ಗಾಜಿನದೊಂದು ನೆನಪಿನ ಕಾಣಿಕೆ. ಶಾಲು ಹೆಗಲಿಗೆ ಬಿದ್ದ ಮೇಲೆ ಮತ್ತೆ ಹಳೇ ಕೆಲಸಕ್ಕೆ ಕೈ ಹಾಕಿದರೆ ಮಾನಗೆಟ್ಟವನು ಅನ್ನಿಸಿಕೊಳ್ಳಬೇಕು. ಹಾಗಾಗಿ ಎಲ್ಲರೂ ತೆಪ್ಪಗೆ ಮನೆಗೆ ಹೋಗುತ್ತಾರೆ.

ನಾನು ಪೊಡಿಯಬ್ಬ. ಊರು ಉಪ್ಪಿನಂಗಡಿ ಹತ್ತಿರ. ಸಲ್ವಾ ರೋಡಿನ ಟೈಲ್ಸ್ ಅಂಗಡಿಯಲ್ಲಿ ಸೇಲ್ಸ್‌ಮನ್, ಶುಕ್ರವಾರ ಮಾತ್ರ ಬಿನ್ ಮಹಮೂದ್ ಬಡಾವಣೆಯ ಫುಟ್‌ಬಾಲ್ ತಂಡದ ಲೆಫ್ಟ್ ಬ್ಯಾಕ್, ಅಂದರೆ ಗೋಲಿನ ಎಡಬದಿ ಕಾಯುವವನು. ದೊಡ್ಡ ಆಟಗಾರ ಅಂತ ಹೇಳಿಕೊಳ್ಳುವಷ್ಟು ತಲೆ ತಿರುಗಿಲ್ಲ. ಕನ್ನಡಿಗರ ಲೀಗಿನಲ್ಲಿ ಇರುವುದೇ ಎರಡು ಡಿವಿಷನ್, ನಾನು ಆಡಿದ್ದೆಲ್ಲ ಕೆಳಗಿನದರಲ್ಲಿ. ಆಗೆಲ್ಲ ಮೈದಾನವೆಂದರೆ ಜಲ್ಲಿ ಬೆರೆತ ಮಣ್ಣು. ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಬಿಟ್ಟು ಬರಬೇಕು. ವಿಶ್ವಕಪ್ ಬಂತು, ಸ್ಟೇಡಿಯಂಗಳು ಎದ್ದವು, ನಮಗೂ ಬಾಡಿಗೆಗೆ ಹುಲ್ಲುಹಾಸಿನ ಟರ್ಫ್ ಸಿಕ್ಕಿತು, ನಮ್ಮ ತಂಡ ಮಾತ್ರ ಇದ್ದಲ್ಲೇ ಇತ್ತು. ಇಷ್ಟು ವರ್ಷದಲ್ಲಿ ನನ್ನ ಕಾಲಿನಿಂದ ಬಂದದ್ದು ಒಂದೇ ಗೋಲು, ಅದೂ ನಮ್ಮದೇ ಬಲೆಗೆ. ಆದರೆ ನನ್ನನ್ನು ದಾಟಿ ಹೋದವರು ಯಾರೂ ಸುಲಭವಾಗಿ ಹೋದದ್ದಿಲ್ಲ. ವಾರವಿಡೀ ಗಿರಾಕಿಗಳ ಮುಂದೆ ತಲೆಯಾಡಿಸುವ ನಾನು ಅಲ್ಲೊಂದು ಕಡೆ ಮಾತ್ರ 'ಆಗುವುದಿಲ್ಲ' ಅನ್ನಬಹುದಿತ್ತು. ಅದನ್ನು ಬಿಡಲು ನಾನು ತಯಾರಿರಲಿಲ್ಲ.

ಈ ಸಲ ವಿನಯ್ ಎಂಬವನು ತಂಡದ ಮ್ಯಾನೇಜರ್ ಆಗಿ ಬಂದ. ಬೆಂಗಳೂರಿನ ಹುಡುಗ, ಯಾವುದೋ ಕಂಪನಿಯಲ್ಲಿ ಎಚ್‌ಆರ್. ಕೆಟ್ಟವನಲ್ಲ, ಆದರೆ ಆಫೀಸಿನಲ್ಲಿ ಜನರನ್ನು ಕಳಿಸುವ ನಾಜೂಕನ್ನು ಇಲ್ಲಿಗೂ ತಂದಿದ್ದ. ನನ್ನ ಜಾಗಕ್ಕೆ ಹಾಶಿಮ್ ಎಂಬ ಹುಡುಗನನ್ನು ಹಾಕಿದ. ಹಾಶಿಮ್ ಜಿಂಕೆಯ ಹಾಗೆ ಓಡುತ್ತಾನೆ, ಎಲ್ಲಿಗೆ ಓಡಬೇಕು ಎಂಬುದು ಮಾತ್ರ ಗೊತ್ತಿಲ್ಲ. ನಾನು ಬೆಂಚಿನಲ್ಲಿ ಕೂತು ಹಲ್ಲು ಕಡಿದೆ. ಕೊನೆಯ ಪಂದ್ಯದ ವಾರ ವಿನಯ್ ಫೋನ್ ಮಾಡಿದ.

"ಸರ್, ಶುಕ್ರವಾರ ನಿಮಗೊಂದು ಸಣ್ಣ ಸನ್ಮಾನ ಇಟ್ಕೊಂಡಿದೀವಿ."

"ಎಂತಕ್ಕೆ? ನಾನೆಂತ ಮಾಡಿದ್ದೇನೆ?"

"ನಿಮ್ಮ ಸೇವೆಗೆ ಸರ್. ಇಷ್ಟು ವರ್ಷ ಆಡಿದೀರಾ. ಚೀಫ್ ಗೆಸ್ಟ್ ಬೇರೆ ಬರ್ತಿದಾರೆ, ಇಲ್ಲ ಅನ್ಬೇಡಿ ಪ್ಲೀಸ್."

ಫೋನ್ ಇಡುವಷ್ಟರಲ್ಲಿ ವಾಟ್ಸಾಪಿಗೆ ಪೋಸ್ಟರ್ ಬಂತು. ನನ್ನ ಹಳೇ ಫೋಟೋ, ಸುತ್ತ ಹೂವು, ಕೆಳಗೆ ದೊಡ್ಡ ಅಕ್ಷರದಲ್ಲಿ 'ವಿದಾಯ ಸಮಾರಂಭ'. ಆ ಹೂವು ನೋಡಿ ಊರಿನಿಂದ ನನ್ನ ಭಾವ ಗಾಬರಿಯಾಗಿ ಫೋನ್ ಮಾಡಿದ. ನನ್ನ ಪಿತ್ತ ನೆತ್ತಿಗೇರಿತು.

"ನಾನು ಹೋಗುವುದೇ ಇಲ್ಲ," ಎಂದೆ ಹೆಂಡತಿ ರಹ್ಮತ್‌ಗೆ.

ಅವಳು ಮೀನು ತೊಳೆಯುತ್ತಿದ್ದಳು, ತಿರುಗಿಯೂ ನೋಡಲಿಲ್ಲ. "ಹೋಗದಿದ್ದರೆ ಅವರಿಗೇ ಖುಷಿ. ಹೋಗಿ, ಶಾಲು ಕೊಟ್ಟರೆ ತಗೊಳ್ಳಿ. ಆಟ ಬಿಡ್ತೇನೆ ಅಂತ ಮಾತ್ರ ನಿಮ್ಮ ಬಾಯಿಂದ ಹೇಳಬೇಡಿ. ಶುಕ್ರವಾರ ನೀವು ಮನೆಯಲ್ಲಿ ಕೂತರೆ ನಾನು ಬದುಕುವುದು ಬೇಡವಾ?"

ಗರಾಫಾ ತಂಡದ ಮೇಲೆ ಪಂದ್ಯ. ಗೆದ್ದರೆ ಲೀಗಿನಲ್ಲಿ ಉಳಿಯುತ್ತೇವೆ, ಇಲ್ಲದಿದ್ದರೆ ಕೆಳಗಿನ ಡಿವಿಷನ್ನಿನಿಂದಲೂ ಹೊರಗೆ. ಚೀಫ್ ಗೆಸ್ಟಿಗೆ ಬೇರೊಂದು ಕಾರ್ಯಕ್ರಮ ಇದ್ದುದರಿಂದ ಸನ್ಮಾನವನ್ನು ಪಂದ್ಯಕ್ಕೆ ಮೊದಲೇ ಇಟ್ಟರು. ಗ್ರೂಪ್ ಫೋಟೋದಲ್ಲಿ ಜೆರ್ಸಿಯಲ್ಲೇ ನಿಲ್ಲಲಿ ಎಂದು ನನ್ನ ಹೆಸರನ್ನೂ ಬದಲಿ ಆಟಗಾರರ ಜೊತೆ ರೆಫರಿಗೆ ಕೊಟ್ಟಿದ್ದರು. ನಮ್ಮವರಿಗೆ ಫೋಟೋ ಚೆನ್ನಾಗಿ ಬಂದರೆ ಸಾಕು, ಉಳಿದದ್ದು ಆಮೇಲೆ.

ವಿನಯ್ ಮೈಕ್ ಹಿಡಿದು, "ಇಂದು ನಿವೃತ್ತರಾಗುತ್ತಿರುವ ನಮ್ಮ ಹೆಮ್ಮೆಯ ಪೊಡಿಯಬ್ಬ ಅವರು," ಎಂದ. ಚಪ್ಪಾಳೆ ಬಿತ್ತು. ಶಾಲು ಬಿತ್ತು. ಮೈಸೂರು ಪೇಟ ತಲೆಗೆ ಸಣ್ಣದಾಯಿತು. ಎರಡು ಮಾತಾಡಿ ಎಂದರು.

"ಶಾಲಿಗೆ ಥ್ಯಾಂಕ್ಸ್," ಎಂದೆ. "ನಾನು ಬೆಂಚಲ್ಲಿ ಇರ್ತೇನೆ."

ಜನ ತಮಾಷೆ ಅಂದುಕೊಂಡು ನಕ್ಕರು. ನಾನು ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲವನ್ನೂ ರಹ್ಮತ್‌ಳ ಕೈಗೆ ಕೊಟ್ಟು, ಬೂಟಿನ ದಾರ ಬಿಗಿದು ಬೆಂಚಿಗೆ ಹೋಗಿ ಕೂತೆ. ವಿನಯ್ ಹತ್ತಿರ ಬಂದು ಬಗ್ಗಿದ.

"ಸರ್, ನೀವು ಅಲ್ಲಿ ವಿಐಪಿ ಚೇರಲ್ಲಿ ಕೂತ್ಕೋಬಹುದು."

"ಇದೇ ಆಗ್ತದೆ."

ಅಕ್ಟೋಬರಿನ ಆ ಸಂಜೆ ಗಾಳಿಯೇ ಒದ್ದೆಯಾಗಿತ್ತು. ನಮ್ಮವರು ಹೇಗೋ ಒಂದು ಗೋಲು ಹೊಡೆದರು. ಆಮೇಲೆ ಒಬ್ಬೊಬ್ಬರೇ ಸುಸ್ತಾಗಿ ಹೊರಬಂದರು, ಬದಲಿ ಆಟಗಾರರೆಲ್ಲ ಒಳಗೆ ಹೋದರು. ಪಂದ್ಯ ಮುಗಿಯುವ ಹೊತ್ತಿಗೆ ಹಾಶಿಮ್ ಕಾಲು ಹಿಡಿದುಕೊಂಡು ಕೂತುಬಿಟ್ಟ. ಮೀನಖಂಡ ಕಲ್ಲಾಗಿತ್ತು. ವಿನಯ್ ಬೆಂಚಿನತ್ತ ತಿರುಗಿದ. ಅಲ್ಲಿ ಇದ್ದವನು ನಾನೊಬ್ಬನೇ. ಅವನ ಮುಖ ನೋಡಿ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ.

"ಆಗುತ್ತಾ ಸರ್?" ಎಂದ ಮೆಲ್ಲಗೆ.

"ಯಲ್ಲಾ, ಹೋಗುವ," ಎಂದು ಎದ್ದೆ.

ನಾನು ಒಳಗೆ ಹೋಗಿ ಪವಾಡ ಮಾಡಿದೆ ಎಂದುಕೊಳ್ಳಬೇಡಿ. ಮೊದಲ ಚೆಂಡು ನನ್ನ ಪಕ್ಕದಿಂದಲೇ ಹೋಯಿತು. ಎರಡನೆಯದನ್ನು ಹೊರಗೆ ಒದ್ದೆ, ಅದು ಪಾರ್ಕಿಂಗಿಗೆ ಹೋಗಿ ಬಿತ್ತು. ಉಸಿರು ಸಿಗುತ್ತಿರಲಿಲ್ಲ, ಆದರೂ ಮೈಯೆಲ್ಲ ಹಗುರಾಗಿತ್ತು. ಕೊನೆಗೆ ಅಂಚಿನಲ್ಲಿ ಓಡುವ ಗರಾಫಾದ ವಿಂಗರ್ ಚೆಂಡನ್ನು ನನ್ನ ಹಿಂದೆ ತಳ್ಳಿ ಓಡಿದ. ಮುಂದೆ ನಮ್ಮ ಗೋಲ್‌ಕೀಪರ್ ಬಿಟ್ಟರೆ ಯಾರೂ ಇಲ್ಲ. ನನ್ನ ಕಾಲು ಅವನ ವೇಗಕ್ಕೆ ಸಾಲುವುದಿಲ್ಲ ಎಂದು ಎರಡೇ ಹೆಜ್ಜೆಗೆ ಗೊತ್ತಾಯಿತು. ಕೈ ಸಾಲುತ್ತಿತ್ತು. ಅವನ ಜೆರ್ಸಿಯನ್ನು ಹಿಂದಿನಿಂದ ಹಿಡಿದು ಜಗ್ಗಿದೆ. ಇಬ್ಬರೂ ಪೆನಾಲ್ಟಿ ಗೆರೆಯ ಹೊರಗೆ ಮಗುಚಿ ಬಿದ್ದೆವು.

ರೆಫರಿ ಆಂಟನಿ ಓಡಿ ಬಂದು ರೆಡ್ ಕಾರ್ಡ್ ಎತ್ತಿದ. ನನ್ನ ಜೀವನದಲ್ಲಿ ಮೊದಲನೆಯದು. ಮಾಡಿದ್ದು ತಪ್ಪೇ, ಅದಕ್ಕೆ ನನಗೆ ಬೇಸರವೇನೂ ಆಗಲಿಲ್ಲ. ಫ್ರೀ ಕಿಕ್ ಗೋಲುಕಂಬದ ಮೇಲಿಂದ ಹಾರಿತು, ಆಂಟನಿ ಸೀಟಿ ಊದಿದ, ನಾವು ಗೆದ್ದೆವು.

ಆಗ ಗರಾಫಾದ ಮ್ಯಾನೇಜರ್ ಫ್ಲಾಯ್ಡ್ ಮೊಬೈಲ್ ಎತ್ತಿಕೊಂಡು ಬಂದ. "ಆಂಟನಿ, ಇದು ನೋಡು ಮಾರಾಯ. ವಿದಾಯ ಅಂತ ಪೋಸ್ಟರ್ ಉಂಟು. ನಿವೃತ್ತಿ ಅಂತ ಇವರೇ ಮೈಕಲ್ಲಿ ಹೇಳಿದ್ದಾರೆ, ಊರಿಗೆಲ್ಲ ಕೇಳಿದೆ. ನಿವೃತ್ತಿ ಆದವನನ್ನು ಹೇಗೆ ಆಡಿಸಿದ್ದು? ಪಂದ್ಯ ನಮಗೆ ಕೊಡಬೇಕು."

ಆಂಟನಿ ವಿನಯ್ ಕಡೆ ತಿರುಗಿದ. "ಇವರು ನಿಮ್ಮ ಆಟಗಾರರಾ, ಅಲ್ವಾ? ನಿವೃತ್ತಿ ಆಗಿದ್ದರೆ ಹೊರಗಿನವರನ್ನು ಆಡಿಸಿದ ಲೆಕ್ಕ. ಪಂದ್ಯ ಗರಾಫಾಕ್ಕೆ."

ವಿನಯ್ ಫ್ಲಾಯ್ಡ್‌ನ ಮೊಬೈಲಿಗೆ ಕೈ ಅಡ್ಡ ಹಿಡಿದ. "ಅದು... ಅದು ಗೌರವಕ್ಕೆ ಹೇಳಿದ್ದು ಅಷ್ಟೇ."

"ಹಾಗಾದರೆ ಮೈಕಲ್ಲೇ ಹೇಳಿ," ಎಂದ ಫ್ಲಾಯ್ಡ್. "ಆಗಲೂ ಮೈಕಲ್ಲೇ ಹೇಳಿದ್ದಲ್ವಾ?"

ಎಲ್ಲರೂ ಸುತ್ತ ಸೇರಿದ್ದರು. ವಿನಯ್ ಸಹಾಯಕ್ಕಾಗಿ ನನ್ನ ಮುಖ ನೋಡಿದ. ನಾನು ನೀರಿನ ಬಾಟಲಿ ತೆಗೆದು ನಿಧಾನವಾಗಿ ಕುಡಿದೆ. ಕೊನೆಗೆ ಅವನು ಮೈಕ್ ಹತ್ತಿರ ಹೋದ.

"ಪೊಡಿಯಬ್ಬ ಅವರು ನಿವೃತ್ತರಾಗಿಲ್ಲ," ಎಂದ.

"ಕೇಳಲಿಲ್ಲ!" ಎಂದು ಹೆಂಗಸರ ಕಡೆಯಿಂದ ಯಾರೋ ಕೂಗಿದರು. ಅದು ಯಾರ ಗಂಟಲು ಎಂದು ನನಗೆ ಚೆನ್ನಾಗಿ ಗೊತ್ತು.

"ಪೊಡಿಯಬ್ಬ ಅವರು ನಿವೃತ್ತರಾಗಿಲ್ಲ. ಅವರು ನಮ್ಮ ತಂಡದ ಆಟಗಾರರು."

ಆಂಟನಿ ತಲೆಯಾಡಿಸಿದ. "ಸರಿ, ಖಲಾಸ್. ಆದರೆ ರೆಡ್ ಕಾರ್ಡಿಗೆ ಶಿಕ್ಷೆ ಉಂಟು. ಮುಂದಿನ ಸೀಸನ್ನಿನ ಮೊದಲ ಎರಡು ಪಂದ್ಯ ಇವರು ಆಡುವಂತಿಲ್ಲ."

ವಿನಯ್ ಮುಖದಲ್ಲಿ ಸ್ವಲ್ಪ ಜೀವ ಬಂತು. "ಬೇಜಾರು ಮಾಡ್ಕೋಬೇಡಿ ಸರ್," ಎಂದು ನನ್ನ ಬೆನ್ನು ತಟ್ಟಿದ.

ಬೇಜಾರು! ನನಗೆ ಕುಣಿಯಬೇಕು ಅನ್ನಿಸಿತ್ತು. ಆಟ ಬಿಟ್ಟು ಮನೆಗೆ ಹೋದವನಿಗೆ ಯಾರೂ ಮುಂದಿನ ಸೀಸನ್ನಿನ ಶಿಕ್ಷೆ ಕೊಡುವುದಿಲ್ಲ.

"ಮೂರನೇ ಪಂದ್ಯ ಯಾರ ಮೇಲೆ?" ಎಂದು ಕೇಳಿದೆ.