ಅರ್ಧ ತುಂಡು

ಪೆಟ್ಟಿಗೆಗೆ ಹೆಗಲು ಕೊಟ್ಟು ಮುಂದೆ ನಡೆಯುತ್ತಿದ್ದ ಮಂಚಯ್ಯ ಮಿಷನ್ ದೇವಾಲಯದ ಹೊಸಿಲ ಹತ್ತಿರ ಬಂದವನೇ ಗಕ್ಕನೆ ನಿಂತುಬಿಟ್ಟ. ಹಿಂದಿದ್ದವರು ಮುಗ್ಗರಿಸಿದರು.

“ಯಾರಾದ್ರೂ ಇಡ್ಕೊಳ್ರಪ್ಪ. ನಾ ಒಳಕ್ಕೆ ಬರಾಕಿಲ್ಲ.”

“ಪೆಟ್ಟಿಗೇಲಿರೋಳು ನಿನ್ನ ಎಂಡ್ತಿ ಕಣ್ಲಾ!” ಎಂದ ರಂಗಸ್ವಾಮಿ. ಅವನ ಜೊತೆ ಗಾಡಿ ಹೊಡೆಯುವ ಗೆಳೆಯ.

“ಗೊತ್ತು ಕಣ್ಲಾ.”

ಹಟ ಅಂದರೆ ಅದು ಹಟ. ರಂಗಸ್ವಾಮಿ ಗೊಣಗುತ್ತಲೇ ಹೆಗಲು ಕೊಟ್ಟ. ಹಣೆಯ ಮೇಲೆ ನಾಮ ಇಟ್ಟವನು ಹೆಣದ ಜೊತೆ ಒಳಗೆ ಹೋದ, ದೀಕ್ಷಾಸ್ನಾನವಾದ ಗಂಡ ಜಗಲಿಯ ಮೇಲೆ ಕುಳಿತ. ಹೊಳೆನರಸೀಪುರದ ಜನ ಅವನನ್ನು ಎಡಬಿಡಂಗಿ ಅಂತ ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

ಎಷ್ಟೋ ವರ್ಷದಿಂದ ಭಾನುವಾರವೆಂದರೆ ಹೀಗೇ, ಹೆಂಡತಿ ಪ್ರೇಮಕುಮಾರಿ ಒಳಗೆ, ಅವನು ಹೊರಗೆ. “ನಾ ಸತ್ರೆ ನಿಮ್ಮ ಸ್ಮಶಾನದ ಗ್ವಾಡೆ ಆಚ್ಗೆ ಊಳ್ಬುಡಿ” ಎಂದು ದೇವಾಲಯದ ಉಪದೇಶಿಗಳಿಗೂ ಹೇಳಿಟ್ಟಿದ್ದ. ಆ ದಿನ ಅವಳು ಊಟ ಬಿಟ್ಟಿದ್ದಳು. ಈಗ ಅವಳು ಗೋಡೆಯ ಒಳಗೆ ಮಲಗುತ್ತಾಳೆ. ಬದುಕಿದ್ದಾಗ ನಡುವೆ ಒಂದು ಗೋಡೆ, ಸತ್ತ ಮೇಲೂ ಒಂದು ಗೋಡೆ. ಅಯ್ಯೋ, ಇನ್ನು ಮನೆಗೆ ಹೋದರೆ ‘ಬಂದ್ರಾ?’ ಅನ್ನುವವರೂ ಇಲ್ಲ.

*

ಪ್ರೇಮಕುಮಾರಿ ಹಾಸನದ ಮಿಷನ್ ಅನಾಥಶಾಲೆಯಲ್ಲಿ ಬೆಳೆದವಳು. ಅರಕಲಗೂಡು ಕಡೆಯ ಮಂಚಯ್ಯ ಅವಳನ್ನು ಮದುವೆಯಾಗಬೇಕೆಂದೇ ಕ್ರೈಸ್ತ ಸಭೆಗೆ ಸೇರಿದ. ಸೇರಿದ ಮೇಲೆ ನಿಜವಾಗಿ ನಂಬಿದ. ನಂಬಿದ್ದಕ್ಕೇ ಆಮೇಲೆ ಅಷ್ಟು ಸಂಕಟಪಟ್ಟ.

ಮೂವತ್ತೊಂದನೇ ಇಸವಿಯಲ್ಲಿ ಅವರ ಒಬ್ಬಳೇ ಮಗಳಿಗೆ ಸಿಡುಬು ಎದ್ದಿತು. ಗಂಡ ಹೆಂಡತಿ ಮೊಣಕಾಲೂರಿ ಬೇಡಿಕೊಂಡರು. ಕೂಸು ಕಣ್ಣು ತೆರೆಯದಾದಾಗ ಮಂಚಯ್ಯನ ಎದೆ ಒಡೆಯಿತು. ಹೆಂಡತಿಗೂ ಹೇಳದೆ ಕೋಳಿ ಹಿಡಿದುಕೊಂಡು ಮಾರಮ್ಮನ ಗುಡಿಗೆ ಓಡಿದ. ಹಣೆಗೆ ಕುಂಕುಮ ಹಚ್ಚಿಸಿಕೊಂಡು ತಿರುಗಿ ಬರುವಷ್ಟರಲ್ಲಿ ಮಗು ಹೋಗಿಬಿಟ್ಟಿತ್ತು. ಪ್ರೇಮಕುಮಾರಿ ಬಯ್ಯಲಿಲ್ಲ. ಸೆರಗಿನಿಂದ ಅವನ ಹಣೆ ಒರೆಸಿದಳು.

ಉಪದೇಶಿ ಸಣ್ಣಯ್ಯನವರು ಮನೆಗೇ ಬಂದರು. “ತಪ್ಪಾಯ್ತು ಅಂತ ಹೇಳಿ ಬಂದುಬಿಡು ಮಂಚಯ್ಯ. ದೇವರು ಹಿಡಿದ ಕೈ ಬಿಡೋನಲ್ಲ.”

“ಅವನು ಬುಡ್ನಿಲ್ಲ ಸಾ, ನಾನೇ ಕಿತ್ಕೊಂಡೆ. ಕಿತ್ಕೊಂಡೋನ್ಗೆ ರಕ್ಷಣೆ ಎಲ್ಲಿಂದ ಬತ್ತದೆ? ಪ್ರಭು ಮೈ ಅಂತ ಕೊಡೋ ಪ್ರಭುಭೋಜನದ ರೊಟ್ಟೀನ ಈ ಕೈಲಿ ಈಸ್ಕೊಂಡ್ರೆ ಸಾಪ ತಿಂದಂಗೆ.”

ಅಂದಿನಿಂದ ಅವನು ಹೊಸಿಲು ದಾಟಲಿಲ್ಲ.

*

ಒಳಗೆ ಕೀರ್ತನೆ ಶುರುವಾಗಿತ್ತು. ಪಕ್ಕದ ಮನೆಯ ನೀಲಾಂಬಿಕೆ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದು ಜಗಲಿಯ ತುದಿಯಲ್ಲಿ ಕುಳಿತಳು. ದೇವಾಲಯದಲ್ಲಿ ಅವಳೂ ಪ್ರೇಮಕುಮಾರಿಯೂ ಒಂದೇ ಚಾಪೆಯವರು.

“ಮಂಚಣ್ಣ, ಒಂದ್ಮಾತು. ಇದ ಒಟ್ಟೇಲಿಟ್ಕೊಂಡು ನಾ ಅವ್ಳಿಗೆ ಮಣ್ಣಾಕಾಕಾಗಲ್ಲ.”

“ಏನವ್ವ?”

“ಪ್ರಭುಭೋಜನದ ರೊಟ್ಟೀನ ಅವ್ಳು ಒಂದಿನಾನೂ ಪೂರಾ ತಿಂದೋಳಲ್ಲ. ಅರ್ಧ ತುಂಡು ಸೆರಗ್ನಲ್ಲಿ ಕಟ್ಕೊಳೋಳು. ಮನೆಗೋಗಿ ನಿನ್ನ ಸಾರ್ನಲ್ಲಿ ಕಿವುಚಿ ಇಕ್ಕೋಳು.”

ಮಂಚಯ್ಯ ಟವೆಲ್ಲಿನಿಂದ ಬಾಯಿ ಒರೆಸಿಕೊಂಡ. ವರ್ಷಗಟ್ಟಲೆ ತಿಂದೆನೇ! ಮುದ್ದೆಯ ಜೊತೆ, ಬಾಯಿ ಚಪ್ಪರಿಸಿಕೊಂಡು!

“ಸಾಪ ಕಣವ್ವ ಅದು! ಅವ್ಳಿಗೆ ಗೊತ್ತಿರ್ನಿಲ್ವಾ?”

“ಗೊತ್ತಿತ್ತು. ಅದ್ಕೇ ಕಟ್ಕೊಳೋವಾಗ್ಲೆಲ್ಲ ಎದರ್ಕೊಂಡು ತಪ್ಪಾಯ್ತು ಅಂತ ಬೇಡ್ಕೊಳೋಳು. ಬ್ಯಾಡ ಕಣೇ ಅಂದ್ರೆ, ‘ಸಾಪ ಇದ್ರೆ ಕೊಟ್ಟ ಕೈಗೆ ತಟ್ಲಿ ಬುಡು. ಅವ್ರನ್ನ ಬುಟ್ಟು ನಾನೊಬ್ಳೇ ಸ್ವರ್ಗಕ್ಕೋಗಿ ಯಾರ ಜೊತೆ ಮಾತಾಡ್ಲಿ?’ ಅನ್ನೋಳು.”

“ಮೋಸಗಾತಿ” ಎಂದ ಮಂಚಯ್ಯ. ಇಷ್ಟು ವರ್ಷ ತಾನೊಬ್ಬನೇ ಹೊರಗಿದ್ದೇನೆ ಅಂದುಕೊಂಡಿದ್ದ. ಅವಳೂ ಒಳಗೆ ಒಬ್ಬಳೇ ಕೂತಿದ್ದಳು, ಆ ಭಯವನ್ನೆಲ್ಲ ಮಡಿಲಲ್ಲಿ ಕಟ್ಟಿಕೊಂಡು. ಅವನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಪೆಟ್ಟಿಗೆ ಹೊರಗೆ ಬಂದಾಗ ಎದ್ದು ಮತ್ತೆ ಹೆಗಲು ಕೊಟ್ಟ. ಸ್ಮಶಾನದ ಬಾಗಿಲಲ್ಲಿ ರಂಗಸ್ವಾಮಿ ಅವನ ಮುಖ ನೋಡಿದ. ಮಂಚಯ್ಯ ನಿಲ್ಲಲಿಲ್ಲ.

ಮಣ್ಣು ಮುಚ್ಚಿದ್ದಾಯಿತು, ಪ್ರಾರ್ಥನೆಯೂ ಮುಗಿಯಿತು. ಜನ ಒಬ್ಬೊಬ್ಬರಾಗಿ ಕರಗಿದರು. “ನಡಿ ಮಂಚಯ್ಯ” ಎಂದರು ಉಪದೇಶಿಗಳು.

ಅವನು ನಡೆಯಲಿಲ್ಲ. ಗುಡ್ಡೆಯಾಗಿದ್ದ ಮಣ್ಣಿನ ಪಕ್ಕದ ಗರಿಕೆಯ ಮೇಲೆ ಮೆಲ್ಲನೆ ಕುಳಿತು, ಕಾಲು ಚಾಚಿ, ಅಂಗಾತ ಮಲಗಿಕೊಂಡ.

“ಇಲ್ಲಿ ನಂಗೆ ಜಾಗ ಸಾಕಾಯ್ತದಾ, ನೋಡಿ ಸಾ.”

“ಥೂ, ಏಳ್ಲಾ! ಬದುಕಿರೋನು ಇಂಗೆ ಮನಿಕೋಬಾರ್ದು!” ಎಂದು ರಂಗಸ್ವಾಮಿ ಕೈ ಹಿಡಿದು ಎಳೆದ.

ಸಣ್ಣಯ್ಯನವರು ತಲೆಯಿಂದ ಪಾದದವರೆಗೆ ಕಣ್ಣಲ್ಲೇ ಅಳೆದರು. “ಸಾಕಾಗುತ್ತೆ” ಎಂದರು.

ಮಂಚಯ್ಯ ಗೆಳೆಯನ ಕೈ ಬಿಡಿಸಿಕೊಂಡು, ಹಸಿಮಣ್ಣಿನ ಕಡೆಗೆ ಇನ್ನೊಂದಿಷ್ಟು ಸರಿದು ಮಲಗಿದ.