ಅಪ್ಪನ ಚಾಳೀಸು

ಪತ್ರಿಕೆಯ ಮೇಲೆ ಅಪ್ಪನ ತೋರುಬೆರಳು ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಇಪ್ಪತ್ತು ವರ್ಷಗಳ ಅಚ್ಚಿನ ಮಸಿ ಉಗುರಿನ ಸುತ್ತ ಇಂಗಿ, ಅವ್ವ ಎಷ್ಟು ಸೀಗೆಕಾಯಿ ಕೊಟ್ಟರೂ ಬಿಡದೆ ಕೂತಿದ್ದ ಬೆರಳು ಅದು. ಹಾಳೆಯ ತುಂಬ ಪಾಸಾದವರ ನಂಬರುಗಳು. ನಾನು ಹಿತ್ತಲ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಬೆರಳು ಒಂದು ಕಡೆ ನಿಂತಿತು, ಸ್ವಲ್ಪ ಮೇಲಕ್ಕೆ ಹೋಯಿತು, ಮತ್ತೆ ಅಲ್ಲಿಗೇ ಬಂದು ನಿಂತಿತು. ಆಮೇಲೆ ಅಪ್ಪ ಪತ್ರಿಕೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಇಂದು ನನ್ನನ್ನು ಡಾಕ್ಟರು ಎಂದು ಕರೆಯುವ ರೋಗಿಗಳಿಗೆ ನನ್ನ ಆಗಿನ ಅಂಕಪಟ್ಟಿಗಳನ್ನು ತೋರಿಸಿದರೆ, ಬರೆದುಕೊಟ್ಟ ಚೀಟಿ ಹರಿದು ಓಡಿಹೋದಾರು. ಹತ್ತನೆಯ ತರಗತಿಯ ಗಣಿತವನ್ನು ಎರಡನೆಯ ಸಲಕ್ಕೆ ದಾಟಿದವಳು ನಾನು. ಅಷ್ಟಕ್ಕೇ ಬುದ್ಧಿ ಬರದೆ, ಡಾಕ್ಟರಾಗುತ್ತೇನೆಂದು ಹಟ ಹಿಡಿದು ಪಿಯುಸಿಗೆ ವಿಜ್ಞಾನ ತೆಗೆದುಕೊಂಡೆ. ಭೌತಶಾಸ್ತ್ರದ ಪರೀಕ್ಷೆಯಲ್ಲಿ ನಾನು ಏನು ಬರೆದು ಬಂದಿದ್ದೆನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಈ ಸಲವೂ ನಪಾಸಾದರೆ ಪುಸ್ತಕ ಕಟ್ಟಿಟ್ಟುಬಿಡಬೇಕು, ಮತ್ತೆ ಆ ಹೆಸರೆತ್ತಬಾರದು ಎಂದು ಹಿಂದಿನ ದಿನವೇ ತೀರ್ಮಾನ ಮಾಡಿಕೊಂಡಿದ್ದೆ. ಸೋತದ್ದಕ್ಕಿಂತ ಓಣಿಯವರು ಬಂದು ಕೇಳುವುದೇ ದೊಡ್ಡದು. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ನಗುವುದಕ್ಕೆ ಒಂದು ಕಾರಣ ಸಿಕ್ಕರೆ ಬಿಡುವವರೂ ಯಾರೂ ಇರಲಿಲ್ಲ.

ಅರ್ಧ ಗಂಟೆಯ ಮೇಲೆ ಬಾಗಿಲಲ್ಲಿ ಕಾಣಿಸಿಕೊಂಡವಳು ಶಿವಲೀಲಕ್ಕ. ಓಣಿಯ ತುದಿಯ ಹಿಟ್ಟಿನ ಗಿರಣಿ ಅವಳದು. ಹುಬ್ಬಿನವರೆಗೂ ಜೋಳದ ಹಿಟ್ಟು ಮೆತ್ತಿಕೊಂಡೇ ತಿರುಗುವ ಹೆಂಗಸು. ಬಾಯಲ್ಲಿ ಏನೋ ಇತ್ತು. ಅದನ್ನು ನುಂಗಿ, ನನ್ನ ಗಲ್ಲ ಹಿಂಡಿ, ಕಡೆಗೂ ಗೆದ್ದೆಯಲ್ಲ ಎಂದಳು. ನಾನು ಅವಳ ಮುಖವನ್ನೇ ನೋಡಿದೆ. ಅಪ್ಪ ಮನೆಮನೆಗೂ ಪೇಢೆ ಹಂಚುತ್ತಿದ್ದಾನೆ ಎಂಬುದು ಆಗ ತಿಳಿಯಿತು.

ನಾನು ಓಣಿಗೆ ಓಡಿದೆ. ಅಪ್ಪ ಕೊನೆಯ ಮನೆಯ ಮುಂದೆ ಖಾಲಿ ಪೊಟ್ಟಣ ಹಿಡಿದು ನಿಂತಿದ್ದ. ಕಂಕುಳಿಂದ ಪತ್ರಿಕೆ ಕಿತ್ತುಕೊಂಡು ನೋಡಿದೆ. ನನ್ನ ನಂಬರು 20483. ಅಲ್ಲಿದ್ದದ್ದು 20488. ಅಪ್ಪ ಪತ್ರಿಕೆಯನ್ನು ತೆಗೆದುಕೊಂಡು ಹತ್ತಿರ ಹಿಡಿದ, ದೂರ ಹಿಡಿದ, ಕಣ್ಣುಜ್ಜಿಕೊಂಡ. ಎಂಟನ್ನು ಮೂರು ಎಂದು ಓದಿಬಿಟ್ಟೆನಲ್ಲ ಎಂದು ಹಣೆ ಬಡಿದುಕೊಂಡ.

ಓಣಿ ಬಿದ್ದು ಬಿದ್ದು ನಕ್ಕಿತು. ನಕ್ಕದ್ದು ನನಗಲ್ಲ, ಅಪ್ಪನಿಗೆ. ಅಪ್ಪ ಊರಿನ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವನು, ತಲೆಕೆಳಗಾದ ಅಕ್ಷರವನ್ನು ನೀರು ಕುಡಿದಂತೆ ಓದುವವನು, ಊರಿನ ಲಗ್ನಪತ್ರಿಕೆಗಳ ಕರಡನ್ನೆಲ್ಲ ತಿದ್ದುವವನು. ಅಂಥವನು ಮಗಳ ನಂಬರನ್ನೇ ತಪ್ಪು ಓದಿ ಊರಿಗೆ ಪೇಢೆ ತಿನ್ನಿಸಿದನೆಂದರೆ ಯಾರಿಗೆ ನಗು ಬರುವುದಿಲ್ಲ? ಅವ್ವ ಪೇಢೆ ಯಾರ ಯಾರ ಮನೆಗೆ ಹೋಯಿತೆಂದು ಬೆರಳು ಮಡಚಿ ಕೇಳುತ್ತ ಅಪ್ಪನನ್ನು ಬೈಯುತ್ತಿದ್ದರೆ, ಅಪ್ಪ ತಪ್ಪು ಮಾಡಿದ ಹುಡುಗನಂತೆ ಕಂಬಕ್ಕೆ ಒರಗಿ ನಿಂತಿದ್ದ. ಅಳಬೇಕೆಂದು ಹಿಂದಿನ ದಿನದಿಂದ ಸಿದ್ಧಳಾಗಿದ್ದ ನಾನೂ ನಕ್ಕುಬಿಟ್ಟೆ.

ಸಂಜೆ ಶಿವಲೀಲಕ್ಕ ಮತ್ತೆ ಬಂದಳು. ಪುಸ್ತಕ ಕಟ್ಟಿಡುವ ನನ್ನ ತೀರ್ಮಾನ ಕೇಳಿ ಕಟ್ಟೆಯ ಮೇಲೆ ಗಟ್ಟಿಯಾಗಿ ಕೂತಳು.

"ನೋಡು ತಂಗಿ, ನಾ ಎರಡು ಪೇಢೆ ತಿಂದೀನಿ. ತಿಂದದ್ದನ್ನ ಹೊಳ್ಳಿ ಕೊಡಾಕ ಬರೂದಿಲ್ಲ. ನಾ ಪುಗಸಟ್ಟೆ ತಿಂದಾಕಿ ಅನ್ನಿಸ್ಕೊಳ್ಳಾಕ ತಯಾರಿಲ್ಲ. ನೀನ ಪಾಸಾಗು, ಅಷ್ಟ."

ಪೇಢೆ ತಿಂದ ಮನೆಗಳವರೆಲ್ಲ ಈ ನ್ಯಾಯವನ್ನೇ ಹಿಡಿದುಕೊಂಡರು. ನೀರಿಗೆ ಹೋದರೆ ಒಬ್ಬಳು, ಅಂಗಡಿಗೆ ಹೋದರೆ ಇನ್ನೊಬ್ಬ, ತಿಂದ ಪೇಢೆ ಇನ್ನೂ ಅರಗಿಲ್ಲ, ಓದುತ್ತಿದ್ದೀಯೋ ಇಲ್ಲವೋ ಎಂದು ಕೇಳುವವರೇ. ಗೇಲಿಯೇ, ಆದರೆ ಆ ಗೇಲಿಯಲ್ಲಿ ನಾನು ಸೋತವಳಾಗಿರಲಿಲ್ಲ. ತಡವಾಗಿ ಬರುವ ಬಸ್ಸಿನ ಹಾಗೆ ಬಂದೇ ಬರುವವಳಾಗಿದ್ದೆ. ಕಟ್ಟಿಡಬೇಕೆಂದಿದ್ದ ಪುಸ್ತಕವನ್ನು ಮತ್ತೆ ತೆರೆದು ಕೂತೆ.

ನಗೆ ಬಿದ್ದದ್ದೆಲ್ಲ ಅಪ್ಪನ ಮೇಲೆ. ನಲವತ್ತು ದಾಟಿತು, ಚಾಳೀಸು ಬಂತು ಎಂದರು. ಅಪ್ಪ ಹೌದೆಂದು ತಲೆಯಾಡಿಸಿ, ವಾರದೊಳಗೆ ಪೇಟೆಗೆ ಹೋಗಿ ಕಪ್ಪು ಚೌಕಟ್ಟಿನ ಕನ್ನಡಕ ಹಾಕಿಕೊಂಡು ಬಂದ. ಊರಿನ ಮಾತು ಅಚ್ಚುಕೂಟದ ಸಾವಕಾರ ಗುರುಶಾಂತಪ್ಪನವರ ಕಿವಿಗೂ ಬಿತ್ತು. ಮುಹೂರ್ತದ ಅಂಕಿ ಒಂದು ತಪ್ಪಿದರೆ ಬೀಗರು ಬಂದು ಜಗಳ ತೆಗೆಯುವ ಕಸುಬು ಅದು. ಅವರು ಅಪ್ಪನನ್ನು ಮೊಳೆಗಳ ಮುಂದಿನಿಂದ ಎಬ್ಬಿಸಿ ಪುಸ್ತಕ ಕಟ್ಟುವ ಕೆಲಸಕ್ಕೆ ಹಾಕಿದರು. ಅಂದಿನಿಂದ ಅವನ ಬೆರಳ ಮಸಿ ನಿಧಾನವಾಗಿ ಮಾಸಿ, ಉಗುರ ಸುತ್ತ ಮೈದಾ ಅಂಟಿನ ಬಿಳಿ ಪೊರೆ ಕೂತಿತು. ನನಗೆ ಕೆಡುಕೆನಿಸುತ್ತಿತ್ತು. ನನ್ನ ನಪಾಸಿನ ದಿನವೇ ಅಪ್ಪನ ಕಣ್ಣಿನ ದೋಷವೂ ಬಯಲಾಗಬೇಕಿತ್ತೇ ಎಂದು.

ರದ್ದಿ ಹಾಳೆಗಳ ಹಿಂಬದಿಯನ್ನು ಹೊಲಿದು ಅಪ್ಪ ನನಗೆ ದಪ್ಪ ದಪ್ಪ ನೋಟುಪುಸ್ತಕ ಮಾಡಿಕೊಟ್ಟ. ಒಂದು ಭಾನುವಾರ ನಾನು ಓದುವುದನ್ನು ಪಕ್ಕದಲ್ಲಿ ಕೂತು ಕೇಳಿ, ನನ್ನ ರೋಗ ಯಾವುದೆಂದು ಹೇಳಿದವನೂ ಅವನೇ. ನಾನು ಗೊತ್ತಿದೆ ಗೊತ್ತಿದೆ ಎಂದುಕೊಂಡು ಓಡುತ್ತಿದ್ದೆನಂತೆ. ಕರಡು ತಿದ್ದುವವರು ಹಾಗೆ ಓದಿದರೆ ಕಣ್ಣು ತಪ್ಪಿನ ಮೇಲೆ ಜಾರಿಹೋಗುತ್ತದೆ. ಅದಕ್ಕೇ ಅವರು ಪುಟದ ಕೊನೆಯ ಸಾಲಿನಿಂದ ಮೇಲಕ್ಕೆ, ಒಂದೊಂದೇ ಪದ ಓದುತ್ತಾರಂತೆ. ನಾನು ಲೆಕ್ಕಗಳನ್ನು ಉತ್ತರದಿಂದ ಪ್ರಶ್ನೆಯ ಕಡೆಗೆ ಬಿಡಿಸತೊಡಗಿದೆ. ಮೊದಲ ಸಲ, ಯಾವುದು ಗೊತ್ತಿಲ್ಲ ಎಂಬುದು ಗೊತ್ತಾಯಿತು. ಅದೇನು ಸಣ್ಣ ಸುಖವಲ್ಲ.

ಮರುವರ್ಷದ ಫಲಿತಾಂಶದ ದಿನ ಅಪ್ಪ ಪತ್ರಿಕೆಯನ್ನು ನನ್ನ ಕೈಗೇ ಕೊಟ್ಟ, ತನ್ನ ಕಣ್ಣಿನ ಮೇಲೆ ನಂಬಿಕೆ ಇಲ್ಲ ಎಂದ. ಸಾಲುಗಳ ಮೇಲೆ ನನ್ನ ಬೆರಳು ಇಳಿಯಿತು. ನಂಬರು ಇತ್ತು, ಮೊದಲ ದರ್ಜೆಯಲ್ಲಿ. ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಒಂದು ಸಲ ಜಾರಿದೆ, ಎರಡನೆಯ ಸಲ ಸೀಟು ಸಿಕ್ಕಿತು. ಅಂದು ಅಪ್ಪ ತಂದ ಪೇಢೆಯನ್ನು ಓಣಿಯಲ್ಲಿ ಒಬ್ಬರೂ ಮುಟ್ಟಲಿಲ್ಲ. ತಮ್ಮದು ಆಗಲೇ ತಿಂದಾಗಿದೆ ಎಂದು ಶಿವಲೀಲಕ್ಕ ಪೊಟ್ಟಣ ಕಸಿದುಕೊಂಡು, ನನಗೂ ಅವ್ವನಿಗೂ ಅಪ್ಪನಿಗೂ ಹಿಟ್ಟಿನ ಕೈಯಿಂದಲೇ ತುರುಕಿದಳು. ಅಂಥ ರುಚಿಯ ಪೇಢೆ ನಾನು ಆಮೇಲೆ ತಿಂದಿಲ್ಲ.

ಕಾಲೇಜಿನಲ್ಲಿ ನನಗಿಂತ ಎರಡು ಮೂರು ವರ್ಷ ಚಿಕ್ಕವರ ನಡುವೆ ಕೂತು ಓದಿದೆ. ಅಲ್ಲಿಯೂ ಎಡವಿದ್ದುಂಟು, ಎದ್ದದ್ದೂ ಉಂಟು. ಕಣ್ಣಿನ ವಿಭಾಗದ ಪಾಠಕ್ಕೆ ಬರುವ ಹೊತ್ತಿಗೆ, ಪೇಢೆಯ ಪ್ರಸಂಗ ನಡೆದು ಆರು ವರ್ಷಗಳಾಗಿದ್ದವು. ರಜೆಗೆ ಹೋದಾಗ ಒಂದು ವಿಚಿತ್ರ ಕಂಡೆ. ಅಪ್ಪ ಕನ್ನಡಕ ಹಾಕಿಕೊಂಡೂ ಪತ್ರಿಕೆಯನ್ನು ಮಾರುದ್ದ ದೂರ ಹಿಡಿದು ಓದುತ್ತಿದ್ದ. ನಂಬರು ಬದಲಾಗಿರಬೇಕು ಎಂದು, ಬೇಡವೆಂದರೂ ಕೇಳದೆ ನಮ್ಮ ಆಸ್ಪತ್ರೆಗೆ ಕರೆತಂದೆ.

ನಮಗೆ ಕಣ್ಣಿನ ಪಾಠ ಹೇಳುತ್ತಿದ್ದವರು ಮಂದಾಕಿನಿ ಮೇಡಂ. ಅವರು ಅಪ್ಪನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಕನ್ನಡಕವನ್ನು ನನ್ನ ಕೈಗೆ ಕೊಟ್ಟು, ಇದರ ನಂಬರು ಎಷ್ಟೆಂದು ನೋಡು ಎಂದರು. ಅದನ್ನು ತಿಳಿಯುವ ಸುಲಭದ ದಾರಿಯನ್ನು ಹಿಂದಿನ ವಾರವಷ್ಟೇ ಕಲಿಸಿದ್ದರು. ಕನ್ನಡಕವನ್ನು ಕಣ್ಣಿನಿಂದ ದೂರ ಹಿಡಿದು, ಅದರೊಳಗಿನಿಂದ ಕಿಟಕಿಯ ಸರಳನ್ನು ನೋಡುತ್ತ ಆಚೀಚೆ ಆಡಿಸಬೇಕು. ಗಾಜಿನ ಬಗೆಗೆ ತಕ್ಕಂತೆ ಸರಳು ಅದರ ಜೊತೆಗೋ ಎದುರಿಗೋ ಸರಿದಂತೆ ಕಾಣುತ್ತದೆ. ನಾನು ಆಡಿಸಿದೆ. ಸರಳು ಅಲುಗಲಿಲ್ಲ. ಇನ್ನೊಂದು ಗಾಜು ನೋಡಿದೆ. ಅಲ್ಲಿಯೂ ಅಲುಗಲಿಲ್ಲ. ಇದಕ್ಕೆ ನಂಬರೇ ಇಲ್ಲ ಎಂದೆ.

ಮೇಡಂ ತಾವೂ ಆಡಿಸಿ ನೋಡಿ ನಕ್ಕರು. "ಇದು ಕನ್ನಡಕವಲ್ಲಮ್ಮ, ಬರೀ ಕಿಟಕಿ ಗಾಜು."

ಅಂಗಡಿಯವನು ಮೋಸ ಮಾಡಿದನೆಂದೇ ನಾನು ಮೊದಲು ತಿಳಿದದ್ದು. ಮೇಡಂ ಅಪ್ಪನನ್ನು ಒಳಗೆ ಕರೆದು ಅರ್ಧ ಗಂಟೆ ಪರೀಕ್ಷೆ ಮಾಡಿದರು. ದೂರದ ದೃಷ್ಟಿ ಚೆನ್ನಾಗಿದೆ, ಹತ್ತಿರದ್ದು ಈಗೊಂದು ವರ್ಷದಿಂದ ಮಸುಕಾಗತೊಡಗಿರಬೇಕು, ಅದಕ್ಕೆ ಮೊದಲು ಈ ಕಣ್ಣಿಗೆ ಏನೂ ಆಗಿರಲಿಕ್ಕಿಲ್ಲ ಎಂದರು. ಗಾಜು ಬದಲಿಸಿ ನೋಡುವ ದುಂಡನೆಯ ಭಾರದ ಚೌಕಟ್ಟನ್ನು ಅಪ್ಪನ ಮೂಗಿನ ಮೇಲೇರಿಸಿ, ಹೊರಗೆ ಕೂತು ಹತ್ತು ನಿಮಿಷ ಏನಾದರೂ ಓದಿಸು, ಹೊಂದುತ್ತದೋ ನೋಡೋಣ ಎಂದು ಕಳಿಸಿದರು.

ಅಪ್ಪ ಬೆಂಚಿನ ಮೇಲೆ ಕೂತು ಕೈಯಲ್ಲಿದ್ದ ಆಸ್ಪತ್ರೆಯ ಚೀಟಿಯನ್ನು ಓದತೊಡಗಿದ. ಮುಂದೆ ಓದಿದ, ಹಿಂದೆ ತಿರುಗಿಸಿ ಓದಿದ, ಮೂಲೆಯಲ್ಲಿದ್ದ ಅಚ್ಚುಕೂಟದ ಹೆಸರನ್ನೂ ಬಿಡದೆ ಓದಿದ. ಮುಖ ಅರಳಿತ್ತು. ನಾನು ಆ ಕಿಟಕಿ ಗಾಜಿನ ಕನ್ನಡಕವನ್ನು ಕೈಯಲ್ಲಿ ತಿರುವುತ್ತ ಪಕ್ಕದಲ್ಲಿ ಕೂತೆ.

"ಅಪ್ಪಾ, ಆವತ್ತ ನನ್ನ ನಂಬರ ಖರೇನ ತಪ್ಪಿ ಓದಿದ್ಯಾ?"

ಅಪ್ಪ ಚೀಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ.

"ಓದೂದು ತಪ್ಪಿದ್ದಿಲ್ಲ. ಎರಡು ಸಲ ನೋಡಿದೆ. ನಿನ್ನ ನಂಬರ ಇದ್ದಿಲ್ಲ. ಓಣಿ ಮಂದಿ ಕೇಳಾಕ ಬರಾವರು, ಅವರಿಗೆ ನಗಾಕ ಏನರೆ ಬೇಕಿತ್ತು. ಕೊಟ್ಟೆ."

ಅದಕ್ಕಾಗಿ ಆರು ವರ್ಷ ಮೊಳೆ ಬಿಟ್ಟು ಅಂಟು ಕಲೆಸಿದೆಯಾ ಎಂದು ಕೇಳಿದೆ. ಸಾವಕಾರರು ಅಷ್ಟು ಬೇಗ ನಂಬಿಬಿಡುತ್ತಾರೆಂದು ತಾನು ಎಣಿಸಿರಲಿಲ್ಲ, ಆಮೇಲೆ ನಿಜ ಹೇಳಿದರೆ ಓಣಿ ನಿನ್ನ ಕಡೆ ತಿರುಗುತ್ತಿತ್ತು, ಆಗ ನೀನು ಓದಿಗೆ ಕೂತಾಗಿತ್ತು ಎಂದ. ನೀನು ಪಾಸಾಗುವ ಹೊತ್ತಿಗೆ ಮೊಳೆಗೆ ಬೇರೆಯವನು ಬಂದಾಗಿತ್ತು, ಪುಸ್ತಕ ಕಟ್ಟುವುದೂ ಕೆಟ್ಟ ಕೆಲಸವೇನಲ್ಲ ಎಂದೂ ಸೇರಿಸಿದ. ಅವ್ವನಿಗೆ ಗೊತ್ತೇ ಎಂದರೆ, ಅವಳು ಅಂದು ಅಲ್ಲಿಯೇ ಹಿಡಿದುಬಿಟ್ಟಳು, ಬೈದದ್ದೆಲ್ಲ ಓಣಿಗೆ ಕೇಳಿಸಲಿಕ್ಕೆ ಎಂದು ನಕ್ಕ.

ನನಗೆ ಅಳುವೂ ನಗೆಯೂ ಒಟ್ಟಿಗೇ ಬಂದವು. ಆರು ವರ್ಷ ನನ್ನನ್ನು ಎತ್ತಿಕೊಂಡೇ ನಡೆದಿದ್ದ ಈ ಮನುಷ್ಯ, ನನ್ನ ಕಾಲಿನಿಂದಲೇ ನಡೆಯುತ್ತಿದ್ದೇನೆಂದು ನನಗೆ ನಂಬಿಸಿದ್ದ. ಅವನನ್ನು ಅಷ್ಟು ಪ್ರೀತಿಸುತ್ತೇನೆಂದು ಅಲ್ಲಿಯವರೆಗೆ ನನಗೇ ತಿಳಿದಿರಲಿಲ್ಲ. ಕಣ್ಣೊರೆಸಿಕೊಳ್ಳಲು ಎದ್ದು, ನಾಲ್ಕು ಹೆಜ್ಜೆ ದೂರ ಹೋಗಿ ಗೋಡೆಗೆ ಒರಗಿ ನಿಂತೆ.

"ಯವ್ವಾ, ಹತ್ತಿರದ್ದು ಛಲೋ ಕಾಣತೈತಿ," ಎಂದ ಅಪ್ಪ ಬೆಂಚಿನಿಂದಲೇ. "ದೂರದ್ದು ಮಂಜಮಂಜ ಐತಿ. ನೀ ಅಳಾಕತ್ತಿಯೋ ನಗಾಕತ್ತಿಯೋ ತಿಳಿವಲ್ದು."

ಅದು ಹತ್ತಿರದ ಕೆಲಸಕ್ಕೆ ಮಾತ್ರ, ದೂರ ನೋಡಲು ಅದನ್ನು ತೆಗೆಯಬೇಕು ಎಂದು ನಾನು ಡಾಕ್ಟರರ ದನಿಯಲ್ಲಿ ವಿವರಿಸಿದೆ. ಅಪ್ಪ ತೆಗೆಯಲಿಲ್ಲ.

"ಹಂಗಾರ ನೀನ ಇಲ್ಲೆ ಬಾ."

ಹೋಗಿ ಅವನ ಎದುರು ನೆಲದ ಮೇಲೆ ಕೂತೆ. ಮೂಗಿನಿಂದ ಜಾರುತ್ತಿದ್ದ ಆ ಭಾರದ ಚೌಕಟ್ಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಅಪ್ಪ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಒಳಗಿನಿಂದ ಮೇಡಂ ಕರೆದರು. ನಾವಿಬ್ಬರೂ ಏಳಲಿಲ್ಲ.