ಎಂಟನೆಯ ಹೆಸರು

ಸ್ಪಂಜು ನಾರುತ್ತಿದೆ, ಇವತ್ತಿನದಲ್ಲ ಈ ನಾತ, ಎಷ್ಟೋ ದಿನದ್ದಿರಬೇಕು, ಹಾಳೆ ತಿರುವಲು ಬೆರಳು ಅದ್ದುವ ಈ ಹಸಿರು ಬಟ್ಟಲಿನ ಸ್ಪಂಜು, ಅದನ್ನು ಮುಟ್ಟಿದ ಬೆರಳನ್ನೇ ಬೆಳಗಿನಿಂದ ಎಷ್ಟು ಸಲ ಮೂಗಿನ ಹತ್ತಿರ ತಂದಳೋ, ಯಾರದೋ ತೊಳೆಯದ ಬಾಯಿಯ ವಾಸನೆ, ಥೂ — ಆದರೂ ಸೂಪರಿಂಟೆಂಡೆಂಟರ ಹಾಗೆ ಹೆಬ್ಬೆರಳನ್ನು ನಾಲಗೆಗೆ ಒತ್ತಿ ಹಾಳೆ ತಿರುವುವುದಕ್ಕಿಂತ ಇದೇ ವಾಸಿ, ಆ ಮನುಷ್ಯ ಹಿಂದಿನ ಮೇಜಿನಲ್ಲಿ ಕೂತು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿನ್ನುತ್ತಾರೆ, ಅದೇ ಬೆರಳಿನಿಂದ ವಿದ್ಯಾರ್ಥಿಗಳ ಅಂಕಪಟ್ಟಿ ತಿರುವುತ್ತಾರೆ, ಈ ವಿಶ್ವವಿದ್ಯಾಲಯದ ಅರ್ಧ ಕಡತಗಳಲ್ಲಿ ಅವರ ಉಗುಳಿದೆ, ಪದವಿ ಪಡೆದು ಹೋದವರಿಗೆ ಗೊತ್ತಿಲ್ಲ ಅಷ್ಟೆ. ದಾಖಲೆ ವಿಭಾಗದವರೆಲ್ಲ ಅವರಿಗೆ ಇಟ್ಟ ಹೆಸರು ರೂಲುದೊಣ್ಣೆ, ಇಟ್ಟವಳು ಅವಳೇ, ಇಪ್ಪತ್ತು ವರ್ಷದ ಗುಮಾಸ್ತಿಕೆಯಲ್ಲಿ ಮಾಡಿದ ಒಂದು ಒಳ್ಳೆಯ ಕೆಲಸ. ಗಾಜಿನ ಕಿಟಕಿಯ ಅರ್ಧಚಂದ್ರದ ತೂತಿನಾಚೆ ಬೆಂಚು, ಬೆಂಚಿನ ಮೇಲೆ ಆ ಹುಡುಗಿ, ಹನ್ನೊಂದು ಗಂಟೆಯಿಂದ ಅಲ್ಲೇ, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ, ಈಗ ಮೂರೂ ಮುಕ್ಕಾಲು, ಕೋರ್ಸು ನೋಂದಣಿ ಐದಕ್ಕೆ ಮುಚ್ಚುತ್ತದೆ, ಐದಾಯಿತೆಂದರೆ ಕಂಪ್ಯೂಟರು ಬಾಗಿಲು ಹಾಕಿಕೊಳ್ಳುತ್ತದೆ, ಆಮೇಲೆ ದೇವರು ಬಂದರೂ ಒಳಗೆ ಬಿಡುವುದಿಲ್ಲ — ಎದ್ದು ಹೋಗಬಾರದೇ ಇವಳು, ಕ್ಯಾಂಟೀನಿಗಾದರೂ ಹೋಗಬಾರದೇ, ಅಳಬಾರದೇ, ಬೈಯಬಾರದೇ, ಸುಮ್ಮನೆ ಕೂತಿದ್ದಾಳೆ, ಈ ಕಡೆಗೇ ನೋಡುತ್ತ.

ಬೆಳಿಗ್ಗೆ ಕಿಟಕಿಗೆ ನಗುತ್ತಲೇ ಬಂದಿದ್ದಳು, ಮೇಡಂ ನೆನಪಿದೆಯಾ ನಾನು, ಅಪ್ಪ ಕೆಲಸದ ಜಾಗದಲ್ಲಿ ಮೇಲಿಂದ ಬಿದ್ದಿದ್ರಲ್ಲ, ನೋಡ್ಕೊಳ್ಳೋಕೆ ಯಾರೂ ಇಲ್ಲ ಅಂತ ಓದು ನಿಲ್ಲಿಸಿ ಹೋಗಿದ್ದೆ, ಈಗ ಎದ್ದು ಓಡಾಡ್ತಾರೆ ಮೇಡಂ, ಕೋಲು ಹಿಡ್ಕೊಂಡು ನನ್ನನ್ನ ಬಸ್ಸಿಗೆ ಬಿಡೋಕೂ ಬಂದಿದ್ರು — ನೆನಪಿಲ್ಲದೆ ಏನು, ಈ ಮುಖ ಮೂರು ಸೆಮಿಸ್ಟರಿನಿಂದ ಅವಳ ಮೇಜಿನ ಡ್ರಾಯರಿನಲ್ಲೇ ಇದೆ, ಹಣೆಗೆ ಪಿನ್ನು ಚುಚ್ಚಿಸಿಕೊಂಡು, ಆದರೂ ಅವಳು ಕನ್ನಡಕ ಮೇಲೆ ತಳ್ಳಿ ನೋಂದಣಿ ಸಂಖ್ಯೆ ಹೇಳಮ್ಮ ಎಂದಳು, ಒತ್ತಿದಳು, ಪರದೆಯ ಮೇಲೆ ಕೆಂಪು ಅಕ್ಷರ, ಹೆಸರು ತೆಗೆಯಲಾಗಿದೆ, ಒಂದೇ ಕೋರ್ಸಿನಲ್ಲಿ ಮೂರು ಸೊನ್ನೆ, ಹಾಜರಾತಿ ಇಲ್ಲ. ಯಾವ ಕೋರ್ಸು ಮೇಡಂ? ಹಳೆಯ ಲಿಪಿಗಳ ಪರಿಚಯ. ನಾನು ಗಣಿತದವಳು ಮೇಡಂ, ಆ ಕೋರ್ಸಿನ ಹೆಸರೇ ಕೇಳಿಲ್ಲ, ನಾನು ಹೋಗ್ತೀನಿ ಅಂತ ಪತ್ರ ಕೊಟ್ಟಿದ್ನಲ್ಲ, ನಿಮ್ಮ ಕೈಗೇ ಕೊಟ್ಟಿದ್ದೆ. ಆಗ ಅವಳ ಬಾಯಿಂದ ಬಂದದ್ದು — ರಸೀದಿ ಇದೆಯಾ. ತನ್ನದೇ ಬಾಯಿ, ಬೇರೆಯವರದಲ್ಲ. ಹುಡುಗಿ ಚೀಲ ತಡಕಿದಳು, ಇನ್ನೊಮ್ಮೆ ತಡಕಿದಳು, ಆಮೇಲೆ ಮೆಲ್ಲಗೆ, ದೂರುವ ದನಿಯೂ ಅಲ್ಲ, ನೀವೇ ಅಂದ್ರಲ್ಲ ಮೇಡಂ, ರಸೀದಿ ಏನೂ ಬೇಡ ಕಣಮ್ಮ, ನಾನಿದ್ದೀನಿ, ನೀನು ಹೋಗಿ ಅಪ್ಪನ್ನ ನೋಡ್ಕೋ ಅಂತ. ಹಿಂದಿನಿಂದ ರೂಲುದೊಣ್ಣೆ ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ, ರಸೀದಿ ಇಲ್ಲ ಅಂದ್ರೆ ಪತ್ರ ಇಲ್ಲ, ಪತ್ರ ಇಲ್ಲ ಅಂದ್ರೆ ನೀನು ಹೋಗೇ ಇಲ್ಲ, ರೂಲ್ಸು ನಾವು ಮಾಡಿದ್ದಲ್ಲಮ್ಮ, ಎಂದರು, ಎರಡು ಒದ್ದೆ ಚೂರು ಅಂಕಪಟ್ಟಿಯ ಮೇಲೆ ಉದುರಿದವು. ಅವರನ್ನು ಕಂಡು ಹೇಸುವುದು ಸುಲಭ, ಇಷ್ಟು ವರ್ಷ ಅವಳು ಆ ಸುಲಭದಲ್ಲೇ ಬದುಕಿದ್ದಾಳೆ.

ಅವತ್ತು ನಿಜಕ್ಕೂ ಕರುಳು ಚುರುಕ್ ಎಂದಿತ್ತು, ಅದಂತೂ ಸುಳ್ಳಲ್ಲ, ಹುಡುಗಿ ಅರ್ಧ ಹಾಳೆಯಲ್ಲಿ ಬರೆದು ತಂದಿದ್ದ ಪತ್ರಕ್ಕೆ ಮೊಹರು ಒತ್ತಿ, ತಾರೀಖು ಹಾಕಿ, ಮೂಲೆಯಲ್ಲಿ ತನ್ನ ಚಿಕ್ಕ ಸಹಿ ಗೀಚಿ, ಒಂದು ಫೋಟೋ ಕೊಡಮ್ಮ ಎಂದು ಈಸಿಕೊಂಡು ಸ್ಟೇಪ್ಲರ್ ಒತ್ತಿದರೆ ಪಿನ್ನು ನೆಟ್ಟಗೆ ಹೋಗಿ ಹಣೆಯ ನಡುವೆ ಕೂತಿತ್ತು, ಅಯ್ಯೋ ಮೇಡಂ ಹಣೆಗೇ ಹೊಡೆದ್ರಲ್ಲ ಎಂದು ಆ ಕಷ್ಟದಲ್ಲೂ ಹುಡುಗಿ ನಕ್ಕಿದ್ದಳು, ಅವಳೂ ನಕ್ಕಿದ್ದಳು, ಕೀಳಲು ಹೋದರೆ ಫೋಟೋ ಹರಿಯುತ್ತದೆ ಎಂದು ಹಾಗೇ ಬಿಟ್ಟಳು. ಕಂಪ್ಯೂಟರಿಗೆ ಏರಿಸುವುದು ನಾಳೆ ಎಂದುಕೊಂಡಳು, ಆ ನಾಳೆಯೇ ನೋಂದಣಿಯ ಕೊನೆಯ ದಿನ, ನಾಲ್ಕೂವರೆಯಾದರೂ ಹಳೆಯ ಲಿಪಿಗಳ ಪರಿಚಯಕ್ಕೆ ಏಳೇ ಹೆಸರು, ಎಂಟಿಲ್ಲದಿದ್ದರೆ ಕೋರ್ಸು ರದ್ದು, ಕೋರ್ಸು ರದ್ದಾದರೆ ಆ ಒಂದು ಪಾಠಕ್ಕೆಂದೇ ಬರುವ ಮೇಷ್ಟರು ಮನೆಯಲ್ಲಿ, ಆ ಮೇಷ್ಟರು ಅವಳ ಗಂಡ. ಹಿಂದೊಮ್ಮೆ ರದ್ದಾಗಿತ್ತು, ಆ ಆರು ತಿಂಗಳು, ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕಿ ತೊಟ್ಟು, ಬೂಟು ಹಾಕಿಕೊಂಡು, ಎಲ್ಲಿಗೂ ಹೋಗದೆ ಕುರ್ಚಿಯಲ್ಲಿ ಕೂರುವುದು, ಅಡುಗೆಮನೆಗೆ ಬೆನ್ನ ಹಿಂದೆಯೇ ಬಂದು ನಿಲ್ಲುವುದು, ಡಬ್ಬಿಗಳಿಗೆಲ್ಲ ಚೀಟಿ ಅಂಟಿಸುವುದು, ಸಾವಿರ ವರ್ಷದ ಕಲ್ಲಿನ ಬರಹ ಓದುವ ಮನುಷ್ಯ ಉಪ್ಪಿನ ಡಬ್ಬಿಯ ಮೇಲೆ ಉಪ್ಪು ಎಂದು ಬರೆದು ದೂರ ನಿಂತು ನೋಡುವುದು, ಸಂಜೆ ಅವಳು ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತು, ಇವತ್ತು ಯಾರಾದ್ರೂ ನನ್ನ ಕೇಳಿದ್ರಾ. ಪ್ರೀತಿಯಿಂದ ಮಾಡಿದೆ ಎಂದು ಹೇಳಿಕೊಳ್ಳಬಹುದು, ಕೇಳಿದವರು ನಂಬಿಯೂ ಬಿಡುತ್ತಾರೆ — ಪ್ರೀತಿಯಿಂದಲ್ಲ, ಆ ಬೂಟಿನ ವಾಸನೆ ಹಗಲಿಡೀ ಮನೆಯೊಳಗಿರುವುದನ್ನು ತಡೆಯಲಾರದೆ ಮಾಡಿದಳು. ಹೋದವಳ ದಾಖಲೆ ಇನ್ನೂ ತೆರೆದೇ ಇತ್ತು, ಪತ್ರ ಡ್ರಾಯರಿನಲ್ಲಿತ್ತು, ಒಂದು ಗುಂಡಿ ಒತ್ತಿದಳು, ಏಳು ಎಂಟಾಯಿತು. ಯಾರಿಗೇನು ನಷ್ಟ, ಹುಡುಗಿ ಮರಳಿ ಬಂದ ದಿನ ಪತ್ರ ತೆಗೆದು ಎಲ್ಲ ಅಳಿಸಿದರಾಯಿತು, ಹಾವೂ ಸಾಯಬೇಕು ಕೋಲೂ ಮುರಿಯಬಾರದು. ಎಂಟು ಜನ ಕಣೇ, ಕಾಲ ಇನ್ನೂ ಪೂರ್ತಿ ಕೆಟ್ಟಿಲ್ಲ, ಎಂದು ಗಂಡ ಆ ಸಂಜೆ ಎರಡು ಸಲ ಹೇಳಿದರು.

ಎಂಟರಲ್ಲಿ ಏಳು ಜನ ಬಂದರು. ಎಂಟನೆಯವಳ ಹೆಸರು ಕೂಗಿ ಒಂದು ಉಸಿರು ಕಾಯ್ತೀನಿ ಕಣೇ, ಬಾಗಿಲ ಕಡೆ ನೋಡ್ತೀನಿ, ಪಾಪ ಓಡಿ ಬರ್ತಿರಬಹುದು ಅಂತ — ಅವರು ಹೀಗೆ ಹೇಳುವಾಗ ಅವಳು ತಟ್ಟೆಗೆ ಬಡಿಸುತ್ತಿದ್ದಳು, ಕೈ ಒಂದಿಷ್ಟೂ ನಡುಗಲಿಲ್ಲ, ಈಗ ಅದೇ ಅಸಹ್ಯವೆನಿಸುತ್ತದೆ, ನಡುಗಬೇಕಿತ್ತು. ತಿಂಗಳು ಕಳೆದ ಹಾಗೆ ಪಾಪ ಹೋಗಿ ಸಿಟ್ಟು ಬಂತು, ಒಂದು ದಿನ ಮುಖ ತೋರಿಸ್ಲಿಲ್ಲ ಕಣೇ ಆ ಹುಡುಗಿ, ಯಾವ ಮನೆ ಮಗಳೋ, ಅಪ್ಪ ಎಲ್ಲೋ ಬೆವರು ಸುರಿಸಿ ದುಡೀತಿರ್ತಾನೆ, ಇವಳಿಗೆ ಇಲ್ಲಿ ಮಜಾ, ಸೊನ್ನೆ ಹಾಕಿದೆ, ಬುದ್ಧಿ ಬರ್ಲಿ. ಮರುದಿನ ಆ ಸೊನ್ನೆ ಲಕೋಟೆಯಲ್ಲಿ ಅವಳ ಮೇಜಿಗೇ ಬಂತು, ಕೆಂಪು ಶಾಯಿಯಲ್ಲಿ ದುಂಡಗೆ, ಅವರ ಅಕ್ಷರ ಚೆಂದ, ಸೊನ್ನೆಯೂ ಚೆಂದ, ಅದನ್ನು ಕಂಪ್ಯೂಟರಿಗೆ ಏರಿಸಿದ್ದು ಅವಳೇ. ಮುಂದಿನ ಸಲವೂ ಏಳೇ ಜನ, ಅದರ ಮುಂದಿನ ಸಲವೂ ಏಳೇ, ಹಳೆಯ ಲಿಪಿಯ ಹುಚ್ಚಿನವರು ಭೂಮಿಯ ಮೇಲೆ ಒಂದು ಸಲಕ್ಕೆ ಏಳೇ ಜನ ಹುಟ್ಟುತ್ತಾರೋ ಏನೋ, ಪ್ರತಿ ಸಲವೂ ಡ್ರಾಯರು ಎಳೆದು ಪತ್ರದ ಮೇಲಿನ ಸಂಖ್ಯೆ ನೋಡಿಕೊಂಡು ಗುಂಡಿ ಒತ್ತಿದಳು, ಪ್ರತಿ ಸಲವೂ ಪಿನ್ನಿನ ಸುತ್ತ ತುಕ್ಕು ಒಂದಿಷ್ಟು ಹರಡಿತ್ತು, ಎರಡನೆಯ ಸಲ ಸಾಸಿವೆಯಷ್ಟು, ಮೂರನೆಯ ಸಲ ಹುಬ್ಬಿನ ತನಕ. ಮೂರು ಸೊನ್ನೆ ಬಿದ್ದರೆ ಯಂತ್ರ ತಾನಾಗಿ ಹೆಸರು ಕಿತ್ತುಹಾಕುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲವೇ, ಗೊತ್ತಿತ್ತು, ಆ ಸುತ್ತೋಲೆ ಟೈಪು ಮಾಡಿದವಳೇ ಅವಳು, ಆದರೆ ಮೂರನೆಯದನ್ನು ಏರಿಸುವಾಗ ಇದು ಮೂರನೆಯದು ಎಂದು ಹೊಳೆಯಲಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಅದು ಹುಡುಗಿಯಾಗಿ ಉಳಿದಿರಲಿಲ್ಲ, ಬರೀ ಎಂಟಾಗಿತ್ತು. ಇವತ್ತು ಬೆಳಿಗ್ಗೆ ಹತ್ತಕ್ಕೆ ನಾಲ್ಕನೆಯ ಸಲ ಒತ್ತಲು ಹೋದಾಗಲೇ ಕೆಂಪು ಅಕ್ಷರ ಕಂಡದ್ದು, ಆಗ ಅವಳಿಗೆ ಏನನ್ನಿಸಿತು — ಅಯ್ಯೋ ಆ ಹುಡುಗಿ ಎಂದೇ? ಅಲ್ಲ, ಛೆ, ಇನ್ನೊಬ್ಬರನ್ನು ಹುಡುಕಬೇಕಲ್ಲ ಎಂದು.

ಹುಡುಕಿದ್ದೂ ಆಗಿದೆ, ಇಲ್ಲೇ ಇದೆ, ಹೋದ ವಾರ ಓದು ಬಿಟ್ಟುಹೋದ ಹುಡುಗನ ಪತ್ರ, ಕಣ್ಣಿಗೆ ಶಸ್ತ್ರಚಿಕಿತ್ಸೆ ಆಗಬೇಕಂತೆ, ನಾರುವ ಬೆರಳಿನಿಂದ ಅದನ್ನೇ ಬೆಳಗಿನಿಂದ ಮಗುಚುತ್ತಿದ್ದಾಳೆ, ಏಳಕ್ಕೆ ಎಂಟಾಗಲು ಇವನು ಸಾಕು. ಹುಡುಗಿಯ ಪತ್ರ ಕೆಳಗೆ ಡ್ರಾಯರಿನಲ್ಲಿದೆ, ಮೊಹರು ಇರುವ ಪತ್ರ ಕಂಡರೆ ರೂಲುದೊಣ್ಣೆಯೂ ಇಲ್ಲವೆನ್ನುವಂತಿಲ್ಲ, ಹತ್ತು ನಿಮಿಷದಲ್ಲಿ ದಾಖಲೆಯ ಬೀಗ ತೆಗೆಯಬಹುದು, ಹುಡುಗಿ ಐದರೊಳಗೆ ಗಣಿತಕ್ಕೆ ಸೇರಬಹುದು, ಇವತ್ತು ತಪ್ಪಿದರೆ ಬಿಟ್ಟುಹೋದವರು ಮರಳಲು ಇರುವ ಎರಡು ವರ್ಷದ ಗಡುವು ಮುಗಿಯುತ್ತದೆ, ಮತ್ತೆ ಮೊದಲಿನಿಂದ. ಆದರೆ ಪತ್ರ ಬಂದರೆ ತಾರೀಖೂ ಬರುತ್ತದೆ, ಸಹಿಯೂ ಬರುತ್ತದೆ, ಹೋದವಳನ್ನು ಮೂರು ಸಲ ಸೇರಿಸಿದ ಕೈ ಯಾವುದು ಎಂದು ಕಂಪ್ಯೂಟರು ಗಿಳಿಯ ಹಾಗೆ ಹೇಳುತ್ತದೆ, ಕೆಲಸ ಹೋಗಬಹುದು, ಹೋಗಲಿ, ಕೆಲಸದ್ದಲ್ಲ ಭಯ — ಅವರಿಗೆ ಗೊತ್ತಾಗುತ್ತದೆ, ಎಂಟು ಜನ ಎಂದು ಬೀಗಿದವರಿಗೆ. ಕಾಲಿನ ಹತ್ತಿರ ಕಾಗದ ಚಿಂದಿ ಮಾಡುವ ಯಂತ್ರ ಇದೆ, ಒಂದು ಕ್ಷಣದ ಕೆಲಸ, ಪಿನ್ನು ಮಾತ್ರ ಸಿಕ್ಕಿಕೊಳ್ಳುತ್ತದೆ, ಮೊದಲು ಪಿನ್ನು ಕೀಳಬೇಕು, ಹಣೆಯಿಂದ — ಥೂ, ಏನು ಹೆಂಗಸು ತಾನು, ಅದನ್ನೂ ಯೋಚಿಸಿ ಇಟ್ಟಿದ್ದಾಳೆ.

ನಾಲ್ಕೂ ಕಾಲು. ಬಾಗಿಲಲ್ಲಿ ಬೂಟಿನ ಸದ್ದು, ಸಾವಿರ ಸದ್ದಿನಲ್ಲೂ ಗೊತ್ತಾಗುವ ಸದ್ದು, ಗಂಡ, ಇಸ್ತ್ರಿಯ ಅಂಗಿ, ತೂತಿಗೆ ಬಗ್ಗಿ, ಎಷ್ಟಾಯ್ತು? ಏಳು ರೀ. ಇರ್ಲಿ ಬಿಡು, ಕೊನೆ ಗಳಿಗೇಲಿ ಒಬ್ಬರು ಬಂದೇ ಬರ್ತಾರೆ, ಪ್ರತಿ ಸಲ ಬಂದಿಲ್ವಾ — ತಿರುಗಿದರು, ಬೆಂಚು ಕಂಡಿತು, ಏನಮ್ಮ, ಕೋರ್ಸು ಸಿಗ್ಲಿಲ್ವಾ, ಹಳೆಯ ಲಿಪಿ ತಗೋ, ಕಷ್ಟ ಅಲ್ಲ, ಕಲ್ಲಿನ ಹತ್ರ ಸ್ವಲ್ಪ ಹೊತ್ತು ಕೂತ್ರೆ ಕಲ್ಲೇ ಮಾತಾಡುತ್ತೆ. ಬೇಡ, ಅವಳ ಹತ್ತಿರ ಬೇಡ, ಇನ್ಯಾರನ್ನಾದರೂ ಕೇಳಿ ರೀ, ಎನ್ನಬೇಕೆಂದುಕೊಂಡಳು. ಹುಡುಗಿ ಎದ್ದು ನಿಂತಳು, ಸರ್, ಆ ಕೋರ್ಸಲ್ಲೇ ನಂಗೆ ಮೂರು ಸೊನ್ನೆ ಬಂದಿದೆಯಂತೆ. ಅವರ ಮುಖದ ನಗು ಇಳಿದದ್ದು ಗಾಜಿನಿಂದಲೂ ಕಾಣಿಸಿತು, ಹೆಸರೇನು, ಹುಡುಗಿ ಹೆಸರು ಹೇಳಿದಳು, ನೀನಾ? ನೀನೇನಾ ಅದು? ನಿನ್ನ ಹೆಸರು ಕೂಗಿ ಕೂಗಿ ನನ್ನ ನಾಲಗೆ ಸವೆದು ಹೋಯ್ತಲ್ಲಮ್ಮ. ನಾನು ಬಂದೇ ಇಲ್ಲ ಸರ್. ಅದನ್ನೇ ನಾನೂ ಹೇಳ್ತಿರೋದು, ಬಂದೇ ಇಲ್ಲ! ಹಿಂದೆ ರೂಲುದೊಣ್ಣೆ ಕಿಸಕ್ಕೆಂದರು, ಸರಿಯಾಗಿ ಕೇಳಿದ್ರಿ ಸಾರ್. ಹುಡುಗಿ ತಲೆ ತಗ್ಗಿಸಲಿಲ್ಲ, ಬೆರಳು ತೋರಿಸಲಿಲ್ಲ, ಕಿಟಕಿಯ ಕಡೆ ಒಂದು ಸಲ ನೋಡಿದಳು, ಅಷ್ಟೆ, ಮೇಡಂ ಮಾತು ಕೊಟ್ಟಿದ್ದಾರೆ ಎಂದು ಈಗಲೂ ನಂಬಿದವರ ನೋಟ, ಗಂಡ ಬೈಯುತ್ತಲೇ ಇದ್ದಾರೆ, ಯಾವ ಮನೆ ಮಗಳೋ, ಅಪ್ಪ ಎಲ್ಲೋ ಬೆವರು ಸುರಿಸಿ ದುಡೀತಿರ್ತಾನೆ — ಅದೇ ಮಾತು, ಅದೇ ಏರು ಅದೇ ಇಳಿತ, ಮೂರು ಸೆಮಿಸ್ಟರು ಊಟದ ಜೊತೆ ನುಂಗಿದ ಮಾತು, ಈಗ ಕೋಲು ಹಿಡಿದು ಬಸ್ಸಿನವರೆಗೆ ಬಂದ ಒಬ್ಬ ಅಪ್ಪನ ಮೇಲೆ ಬೀಳುತ್ತಿದೆ.

ಡ್ರಾಯರು ಯಾವಾಗ ಎಳೆದಳೋ, ಒಳ್ಳೆಯತನದಿಂದಲ್ಲ, ಅದನ್ನೂ ಹೇಳಿಬಿಡಬೇಕು, ಆ ದನಿ ನಿಲ್ಲಲಿ ಎಂದು, ಬಾಯಿ ತೆರೆದರೆ ಕಕ್ಕಿಬಿಡುತ್ತೇನೆ ಎಂದು, ಕೈಗೆ ಸಿಕ್ಕ ಪತ್ರವನ್ನು ತೂತಿನಿಂದ ಆಚೆ ತಳ್ಳಿದಳು. ಹಳೆಯ ಕಡತದಲ್ಲಿ ಸಿಕ್ಕಿತು ಎಂಬ ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು, ಹೇಳಲಾಗಲಿಲ್ಲ, ಅದಕ್ಕೂ ಸ್ಪಂಜಿನ ವಾಸನೆ. ಹುಡುಗಿ ಕೈ ಚಾಚುವ ಮೊದಲೇ ಗಂಡ ಎತ್ತಿಕೊಂಡರು, ಸವೆದ ಕಲ್ಲನ್ನು ಓದುವ ಹಾಗೆ ಬೆರಳಿಟ್ಟು ಓದುತ್ತಾರೆ, ಅಪ್ಪ ಬಿದ್ದ ಸಾಲು, ಓದು ನಿಲ್ಲಿಸುವ ಸಾಲು, ಮೊಹರು, ಬೆರಳು ತಾರೀಖಿನ ಮೇಲೆ ನಿಂತಿತು, ಆಮೇಲೆ ಮೂಲೆಗೆ ಜಾರಿತು, ಆ ಚಿಕ್ಕ ಸಹಿಯನ್ನು ಮನೆಯ ಎಷ್ಟು ಕಾಗದಗಳ ಮೇಲೆ ಕಂಡಿಲ್ಲ ಅವರು. ಒಂದು ಉಸಿರು ಕಾದರು. ಬಾಗಿಲ ಕಡೆ ನೋಡಲಿಲ್ಲ, ಗಾಜಿನ ಕಡೆ ನೋಡಿದರು. ಎಂಟು, ಎಂದರು, ಅಷ್ಟೇ, ಯಾರಿಗೂ ಅಲ್ಲದ ಹಾಗೆ. ಏನದು, ಏನದು, ಎನ್ನುತ್ತ ರೂಲುದೊಣ್ಣೆ ಕುರ್ಚಿ ಸರಿಸಿ ಏಳುತ್ತಿದ್ದಾರೆ, ಹುಡುಗಿ ಪತ್ರದ ಕಡೆ ಬಗ್ಗಿದ್ದಾಳೆ, ಅಂಗೈಯಿಂದ ಹಣೆಯ ಬೆವರು ಒರೆಸಿಕೊಳ್ಳುತ್ತಾಳೆ, ಅದೇ ಜಾಗ, ಈಗ ಏನಾದರೂ ಹೇಳಬೇಕು, ಬೆರಳು ತಾನಾಗಿ ಸ್ಪಂಜಿಗೆ ಹೋಗುತ್ತದೆ, ಏನು ಹೇಳಬೇಕು, ಗಾಜಿನಾಚೆ ಅವರ ಕೈಯಲ್ಲಿ ಪತ್ರ, ಪತ್ರದಲ್ಲಿ ಫೋಟೋ, ನಗುವ ಮುಖ, ಪಿನ್ನಿನ ಸುತ್ತ ತುಕ್ಕು, ಹುಬ್ಬಿನ ತನಕ ತುಕ್ಕು, ಪಿನ್ನು, ಹಣೆಯ ನಡುವೆ ಪಿನ್ನು